ಹಲಗೆಯ ವಂಶಸ್ಥರು

ಹನ್ನೊಂದು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಇಂಗ್ಲಿಷ್ ಪದಗಳ ಹೊಟ್ಟೆ ಬಗೆದು, ಒಳಗೆ ಎಷ್ಟು ಅರ್ಥ ಅಡಗಿ ಕೂತಿವೆ ಎಂದು ಎಣಿಸಿ ಚೀಟಿಯ ಮೇಲೆ ಬರೆದಿಡುವ ಹೆಂಗಸಿಗೆ ಕಚೇರಿಯಲ್ಲಿ ಚೀಟಿ ಮೇಡಂ ಎಂದೇ ಹೆಸರು. ತಂದೆತಾಯಿ ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿತ್ತು. ಅದನ್ನು ಹಿಡಿದು ಕರೆಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ನಿಘಂಟು ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ. ಕೆಳಗಡೆ ವಾಹನ ಓಡಿಸಲು ಲೈಸೆನ್ಸ್ ಕೊಡುವ ಕಚೇರಿ. ದಿನಕ್ಕೆ ಹತ್ತು ಜನವಾದರೂ ಫೋಟೋ ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದು, “ಮೇಡಂ, ಕಣ್ಣಿನ ಪರೀಕ್ಷೆ ಇಲ್ಲೇನಾ?” ಎಂದು ಕೇಳುತ್ತಿದ್ದರು. ಚೀಟಿ ಮೇಡಂ ಅವರನ್ನೆಲ್ಲ ಸಮಾಧಾನದಿಂದ ಕೆಳಗೆ ಕಳಿಸುತ್ತಿದ್ದಳು. ನಿಘಂಟು ಬೇಕು ಎಂದು ಕೇಳಿಕೊಂಡು ಬಂದ ಒಂದು ನರಪಿಳ್ಳೆಯನ್ನೂ ಅವಳು ಈ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

ಆದರೂ ಅವಳು ತನ್ನ ಕೆಲಸವನ್ನು ದೇವರ ಕೆಲಸದಂತೆ ಮಾಡುತ್ತಿದ್ದಳು. ಆ ನಿಘಂಟಿಗೆ ಒಂದೇ ಒಂದು ನಿಯಮ: ಹಳೆಯ ಅರ್ಥ ಮೊದಲು, ಹೊಸದು ಆಮೇಲೆ. ಪದ ಹುಟ್ಟಿದ ದಿನ ಅದಕ್ಕೆ ಏನು ಅರ್ಥವಿತ್ತೋ ಅದಕ್ಕೆ ಒಂದನೇ ನಂಬರು. ಮುಂದೆ ಆ ಪದ ದೊಡ್ಡವರ ಸಹವಾಸ ಮಾಡಿ ಕೋಟು ಹಾಕಿಕೊಂಡು ಬಂದಿರಬಹುದು. ಬರಲಿ, ಸಾಲಿನಲ್ಲಿ ಹಿಂದೆ ನಿಲ್ಲಲಿ. ಬಸ್‌ಸ್ಟ್ಯಾಂಡಿನಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲ ಸಾಲಿನಲ್ಲೂ ಯಾರಾದರೊಬ್ಬ ದೊಡ್ಡ ಮನುಷ್ಯ ಮುಂದೆ ನುಗ್ಗುವುದನ್ನು ನೋಡಿ ನೋಡಿ ಬೇಸತ್ತಿದ್ದ ಅವಳಿಗೆ, ಲೋಕದಲ್ಲಿ ನೆಟ್ಟಗಿರುವ ಸಾಲು ತನ್ನ ಚೀಟಿಗಳದ್ದೊಂದೇ ಎಂಬ ಹೆಮ್ಮೆ ಇತ್ತು.

ಕೊರಗೂ ಒಂದಿತ್ತು. ಅವಳು ಹಂಗಾಮಿ. ವರ್ಷಕ್ಕೊಮ್ಮೆ ಅರ್ಜಿ ಬರೆದು, ವರ್ಷಕ್ಕೊಮ್ಮೆ ಮುಂದುವರಿಯುವವಳು. ಕಾಯಂ ನೌಕರರ ಹೆಸರು ಮಾತ್ರ ನಿಘಂಟಿನಲ್ಲಿ ಅಚ್ಚಾಗಬೇಕು ಎಂಬುದು ಕಚೇರಿಯ ಪದ್ಧತಿ. ನಾಲ್ಕು ವರ್ಷದ ಹಿಂದೆ ‘ಎ’ ಸಂಪುಟ ಹೊರಬಂದಾಗ ಅದರ ಮೊದಲ ಪುಟಗಳಲ್ಲಿ ಮಂಡಳಿಯ ಹನ್ನೊಂದು ಸದಸ್ಯರ ಹೆಸರಿತ್ತು, ಅಧ್ಯಕ್ಷರ ಬಣ್ಣದ ಫೋಟೋ ಇತ್ತು, ಕಚೇರಿಗೆ ಕಾರೇ ಇಲ್ಲದಿದ್ದರೂ ಕಾಯಂ ಎಂಬ ಕಾರಣಕ್ಕೆ ಡ್ರೈವರಿನ ಹೆಸರೂ ಇತ್ತು. ಮುಕ್ಕಾಲು ಚೀಟಿ ಬರೆದವಳದ್ದು ಮಾತ್ರ ಇರಲಿಲ್ಲ. ಅವಳ ಅಪ್ಪ ಕನ್ನಡಕ ಏರಿಸಿಕೊಂಡು ಆ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಹೋಗಿ, ಮತ್ತೆ ಮೇಲಿನಿಂದ ಶುರುಮಾಡಿ, “ಎಲ್ಲಿದೆ ತೋರ್ಸು ಪುಟ್ಟಿ, ನಂಗೆ ಕಣ್ಣು ಸರಿಯಾಗಿ ಕಾಣಲ್ಲ,” ಎಂದಿದ್ದರು. ಮುಂದಿನ ಸಂಪುಟದಲ್ಲಿ ಬರುತ್ತದೆ ಎಂದು ಅವಳು ಹೇಳಿದ್ದಳು. ಅಪ್ಪನಿಗೆ ಈಗ ಎಂಬತ್ತೊಂದು.

‘ಬಿ’ ಸಂಪುಟ ಅಚ್ಚಿಗೆ ಹೋಗಲು ಸಿದ್ಧವಾಗಿತ್ತು. ಅವಳನ್ನು ಕಾಯಂ ಮಾಡುವ ಫೈಲು ಕೂಡ ಎಂಟು ಮೇಜು ಸುತ್ತಿ, ಮೂರು ಸಲ ಕಳೆದು, ಮೂರು ಸಲ ಸಿಕ್ಕಿ, ಕೊನೆಗೆ ಮಂಡಳಿಯ ಮುಂದೆ ಬಂದಿತ್ತು. ಆ ಗುರುವಾರದ ಸಭೆಯಲ್ಲಿ ನಾಲ್ಕನೇ ವಿಷಯ, ಉಳಿದ ಪದಗಳ ಓದು. ಒಂಬತ್ತನೇ ವಿಷಯ, ಅವಳು. ನಾಲ್ಕು ಮುಗಿದು ಒಂಬತ್ತು ಬರುವುದಕ್ಕೆ ಒಂದು ಗಂಟೆ ಸಾಕು ಎಂದು ಅವಳು ಬೆಳಗ್ಗೆಯೇ ಲೆಕ್ಕ ಹಾಕಿಕೊಂಡಿದ್ದಳು.

ಮಂಡಳಿಯ ಸಭೆ ನಡೆಯುವ ಸೊಗಸನ್ನು ಸ್ವಲ್ಪ ಹೇಳಬೇಕು. ಊಟವಾದ ಮೇಲೆ ಹನ್ನೊಂದು ಜನ ಉದ್ದನೆಯ ಮೇಜಿನ ಸುತ್ತ ಕೂರುತ್ತಾರೆ. ಚೀಟಿ ಮೇಡಂ ಮೂಲೆಯಲ್ಲಿ ನಿಂತು ಪದ, ಅದರ ಅರ್ಥಗಳು, ಅದರ ಮೂಲ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ. ಫ್ಯಾನು ತಿರುಗುತ್ತದೆ. ಒಬ್ಬೊಬ್ಬರ ಗದ್ದವೂ ಅವರವರ ಎದೆಗೆ ತಾಗುತ್ತದೆ. ಪ್ರತಿ ಪದದ ಕೊನೆಗೆ ಯಾರಾದರೊಬ್ಬರು ನಿದ್ದೆಯ ಆಳದಿಂದ “ಆಗಬಹುದು” ಎನ್ನುತ್ತಾರೆ, ಪದ ಪಾಸಾಗುತ್ತದೆ. ಹೀಗೆ ತಾನು ಹುಟ್ಟಿದ ಏಳು ವರ್ಷದಲ್ಲಿ ಮಂಡಳಿ ಸಾವಿರಾರು ಪದಗಳನ್ನು ಒಂದು ಅಕ್ಷರ ಕಿವಿಗೆ ಹಾಕಿಕೊಳ್ಳದೆ ಸರ್ವಾನುಮತದಿಂದ ಒಪ್ಪಿತ್ತು. ಇದರಿಂದ ನಿಘಂಟಿಗೆ ಆದ ಉಪಕಾರ ಅಷ್ಟಿಷ್ಟಲ್ಲ.

ಅಂದೂ ಹಾಗೇ ನಡೆಯುತ್ತಿತ್ತು. ಹತ್ತು ಪದ ಪಾಸಾದವು. ಹನ್ನೊಂದನೆಯದು ‘ಬೋರ್ಡ್’.

“ಬೋರ್ಡ್. ಬಹಳ ಹಳೆಯ ಪದ,” ಎಂದು ಚೀಟಿ ಮೇಡಂ ಓದಿದಳು. “ಒಂದನೇ ಅರ್ಥ, ಮರ ಕೊಯ್ದು ಮಾಡಿದ ಹಲಗೆ. ಎರಡು, ಹಡಗಿನ ಬದಿ. ಹಡಗು ಹತ್ತೋದಕ್ಕೂ ರೈಲು ಹತ್ತೋದಕ್ಕೂ ಇದೇ ಪದ ಬಳಸೋದು ಅದರಿಂದ. ಮೂರು, ಮೇಜು, ಹಲಗೆಗೆ ಕಾಲು ಕೊಟ್ಟರೆ ಮೇಜು ತಾನೇ. ನಾಲ್ಕು, ಆ ಮೇಜಿನ ಮೇಲೆ ಬಡಿಸಿದ ಊಟ. ಊಟ ವಸತಿ ಅನ್ನೋವಾಗ ಈಗಲೂ ಊಟಕ್ಕೆ ಬೋರ್ಡ್ ಅಂತಾರೆ. ಐದು, ಅದೇ ಮೇಜಿನ ಸುತ್ತ ಕೂತು ಮಾತಾಡೋರು, ಅಂದ್ರೆ ಆಡಳಿತ ಮಂಡಳಿ.”

ಯಾರೂ ಆಗಬಹುದು ಎನ್ನಲಿಲ್ಲ. ತಲೆಯೆತ್ತಿ ನೋಡಿದರೆ ಹನ್ನೊಂದು ಜೊತೆ ಕಣ್ಣುಗಳು ತೆರೆದಿದ್ದವು. ಏಳು ವರ್ಷದಲ್ಲಿ ಆ ಕಣ್ಣುಗಳ ಬಣ್ಣವನ್ನು ಅವಳು ನೋಡಿದ್ದು ಅದೇ ಮೊದಲು.

“ಇನ್ನೊಂದ್ಸಲ ಓದಿ,” ಎಂದರು ಅಧ್ಯಕ್ಷರು.

ಅಧ್ಯಕ್ಷರು ಹದಿನಾಲ್ಕು ಸಂಸ್ಥೆಗಳಿಗೆ ಅಧ್ಯಕ್ಷರಾಗಿದ್ದವರು. ಊರಿನಲ್ಲಿ ಹೊಸ ಕಟ್ಟಡ ಎದ್ದರೆ ಇಟ್ಟಿಗೆ ಬರುವ ಮೊದಲೇ ಅವರ ಹೆಸರಿನ ಕಲ್ಲು ಬರುತ್ತಿತ್ತು. ಅವಳು ಎರಡನೇ ಸಲ ಓದಿದಳು. ಅಧ್ಯಕ್ಷರ ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

“ಅಂದ್ರೆ, ನಾವು ಹಲಗೆಯಿಂದ ಬಂದೋರು ಅಂತಾನಾ ನಿಮ್ಮ ಅಭಿಪ್ರಾಯ?”

“ನನ್ನ ಅಭಿಪ್ರಾಯ ಏನಿಲ್ಲ ಸರ್. ಪದ ಬಂದ ದಾರಿ ಅದು.”

“ಊಟಕ್ಕೆ ಕೂತೋರು ಆಮೇಲೆ ಮಂಡಳಿ ಆದ್ರು ಅಂತ ಬರೆದಿದ್ದೀರಲ್ಲ?”

“ಮೇಜು ಒಂದೇ ಸರ್,” ಎಂದಳು ಚೀಟಿ ಮೇಡಂ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಒಂದು ಪದದ ವಿಷಯ ಕೇಳುತ್ತಿದ್ದರು, ಅವಳಿಗೆ ಉತ್ಸಾಹ ಬಂದುಬಿಟ್ಟಿತು. “ಇದರಲ್ಲಿ ಇನ್ನೂ ಚೆಂದದ್ದು ಒಂದಿದೆ ಸರ್. ಇಂಗ್ಲಿಷಿನಲ್ಲಿ ಮುಚ್ಚುಮರೆ ಇಲ್ಲದ ವ್ಯವಹಾರಕ್ಕೆ ‘ಅಬವ್ ಬೋರ್ಡ್’ ಅಂತಾರಲ್ಲ, ಅದು ಇಸ್ಪೀಟು ಆಡೋರಿಂದ ಬಂದಿದ್ದು. ಕೈ ಮೇಜಿನ ಕೆಳಗಿದ್ರೆ ಎಲೆ ಬದಲಾಯಿಸ್ತಾರೆ, ಅದಕ್ಕೇ ಎಲ್ಲರ ಕೈ ಹಲಗೆ ಮೇಲೆ ಕಾಣೋ ಹಾಗಿರ್ಬೇಕು.”

ಆ ಕಡೆಯಿಂದ ಈ ಕಡೆಗೆ ಒಬ್ಬೊಬ್ಬರೇ ಸದಸ್ಯರು, ತಮಗೂ ಗೊತ್ತಾಗದ ಹಾಗೆ, ತೊಡೆಯ ಮೇಲಿದ್ದ ಕೈಗಳನ್ನು ಎತ್ತಿ ಮೇಜಿನ ಮೇಲಿಟ್ಟರು. ಅಧ್ಯಕ್ಷರು ಅದನ್ನು ಗಮನಿಸಿದರು. ಅವರ ಮುಖ ಕೆಂಪಾಯಿತು.

ಆಗ ಮೂಲಪುರುಷರು ಗಂಟಲು ಸರಿಮಾಡಿಕೊಂಡರು. ಜಗತ್ತಿನ ಯಾವ ಪದ ಕೊಟ್ಟರೂ ಅದರ ಮೂಲ ನಮ್ಮ ಭಾಷೆಯಲ್ಲೇ ಇದೆ ಎಂದು ನಿಂತ ನಿಲುವಿನಲ್ಲಿ ಸಾಧಿಸಿ ತೋರಿಸುವುದರಿಂದ ಆ ಸದಸ್ಯರಿಗೆ ಈ ಅಡ್ಡಹೆಸರು ಬಂದಿತ್ತು. “ಇದು ಹಲಗೆಯೂ ಅಲ್ಲ, ಗಿಲಗೆಯೂ ಅಲ್ಲ. ನಮ್ಮ ‘ಬೋಧೆ’ಯೇ ಅಲ್ಲಿಗೆ ಹೋಗಿ ‘ಬೋರ್ಡ್’ ಆಗಿರೋದು. ಬೋಧ, ಬೋಡ್, ಬೋರ್ಡ್. ಹಡಗಲ್ಲಿ ಹೋಗೋವಾಗ ಸಮುದ್ರದ ಗಾಳಿಗೆ ಒಂದು ರಕಾರ ಸೇರ್ಕೊಂಡಿದೆ, ಅಷ್ಟೇ. ಮಂಡಳಿ ಅಂದ್ರೆ ಲೋಕಕ್ಕೆ ಬೋಧನೆ ಮಾಡೋರು!”

ಎಲ್ಲರಿಗೂ ಈ ವಂಶಾವಳಿ ಹಿಡಿಸಿತು. ಕಾಗದದ ಮೇಲಿನ ಆಧಾರ ಏನು ಎಂದು ಚೀಟಿ ಮೇಡಂ ಮೆಲ್ಲಗೆ ಕೇಳಿದಳು. ಮೂಲಪುರುಷರು ಅವಳನ್ನು ಕರುಣೆಯಿಂದ ನೋಡಿ, “ಆಧಾರ ಕೇಳೋದು ಅವರ ಪದ್ಧತಿ ತಾಯಿ. ನಮ್ಮದು ಅನುಭವ,” ಎಂದರು.

ಕೊನೆಗೆ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಮೂಲದ ಜಗಳ ಬೇಡ, ಆದರೆ ಮಂಡಳಿ ಎಂಬ ಅರ್ಥ ಒಂದನೇ ನಂಬರಿಗೆ ಬರಬೇಕು, ಹಲಗೆ ಐದಕ್ಕೆ ಹೋಗಬೇಕು, ಊಟ ಎಂಬುದು ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಇರಲಿ ಎಂದರು. ತಿದ್ದಿದ ಚೀಟಿ ಮುಂದಿನ ಸಭೆಗೆ ಬರಲಿ. ಅಲ್ಲಿಯವರೆಗೆ ಒಂಬತ್ತನೇ ವಿಷಯವನ್ನು ಮುಂದೂಡಲಾಗಿದೆ. ಹಾಗೆನ್ನುವಾಗ ಅವರು ಅವಳ ಕಡೆ ನೋಡಲೂ ಇಲ್ಲ. ಬಿಸ್ಕತ್ತು ತನ್ನ ಪ್ರಯಾಣ ಮುಂದುವರಿಸಿತು.

ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತ ಅವಳು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಐವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಕೈ ನಡುಗುತ್ತದೆಂದು ಮಗಳು ಬೈದರೂ ಹಿತ್ತಲ ಜಗುಲಿಯಲ್ಲಿ ಉಳಿ, ಬಾಚಿ, ಉಜ್ಜುಗೊರಡು ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡಿದ್ದರು. ಕತೆ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು.

“ಹಲಗೇನ ಅವಮಾನ ಅಂತಾರಾ? ಕೂರೋವಾಗ ಗೊತ್ತಾಗಲಿಲ್ವಾ ಅವರಿಗೆ?”

“ನಗಬೇಡಿ ಅಪ್ಪ. ನನ್ನ ಫೈಲು ನಿಂತುಹೋಯ್ತು.”

ಅಪ್ಪನ ನಗು ಅಲ್ಲೇ ಆರಿತು. ಲೋಟ ಕೆಳಗಿಟ್ಟರು.

ಗಂಡ ಎಲೆಕ್ಟ್ರಿಷಿಯನ್. ಯಾರದೋ ಮನೆಯಿಂದ ಬಿಚ್ಚಿ ತಂದಿದ್ದ ಸುಟ್ಟ ಸ್ವಿಚ್ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಸ್ಕ್ರೂ ಬಿಚ್ಚುತ್ತಿದ್ದ. “ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಒಂದನೇದನ್ನ ಐದು ಮಾಡು, ಐದನೇದನ್ನ ಒಂದು ಮಾಡು. ಎರಡು ವೈರು ಅದಲುಬದಲು ಮಾಡಿದ ಹಾಗೆ.”

“ವೈರು ಅದಲುಬದಲು ಮಾಡಿದ್ರೆ ಏನ್ರೀ ಆಗತ್ತೆ?”

“ಶಾಕ್ ಹೊಡೆಯತ್ತೆ.”

“ಮತ್ತೆ?”

“ಪುಸ್ತಕ ಮುಟ್ಟಿ ಸತ್ತೋರು ಯಾರೂ ಇಲ್ಲ ಕಣೇ.”

ಬೋರ್ಡ್ ಪರೀಕ್ಷೆಗೆ ಓದುತ್ತಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿ, “ಅಮ್ಮ, ನಾನು ಉತ್ತರದಲ್ಲಿ ಹಿಂದುಮುಂದು ಬರೆದ್ರೆ ಸೊನ್ನೆ ಕೊಡ್ತಾರೆ, ನಿಮ್ಮ ಆಫೀಸಲ್ಲಿ ಕಾಯಂ ಮಾಡ್ತಾರಾ?” ಎಂದಳು. ಎಲೆಕ್ಟ್ರಿಷಿಯನ್ ಅಪ್ಪನಿಂದ “ಓದ್ಕೋ ಸುಮ್ನೆ” ಎಂಬ ಬೈಗುಳ ಬಿತ್ತು.

ಅಪ್ಪ ತನ್ನ ಪರವಾಗಿ ನಿಲ್ಲುತ್ತಾರೆ, ಹಲಗೆಯ ಮಾನ ಕಾಪಾಡು ಎನ್ನುತ್ತಾರೆ ಎಂದು ಚೀಟಿ ಮೇಡಂ ಒಳಗೊಳಗೇ ಕಾಯುತ್ತಿದ್ದಳು. ಹಾಗೆ ಅಂದಿದ್ದರೆ ಅವಳು ರಾಜೀನಾಮೆ ಕೊಡಲೂ ಹಿಂಜರಿಯುತ್ತಿರಲಿಲ್ಲ. ಮುದುಕರು ಅಂಗೈ ಉಜ್ಜಿಕೊಳ್ಳುತ್ತ, “ನೋಡು ಪುಟ್ಟಿ, ಹಲಗೆ ಮರ್ಯಾದೆ ಕಟ್ಕೊಂಡು ನಂಗೇನಾಗ್ಬೇಕು? ಅದು ಎಲ್ಲಾದ್ರೂ ಬಿದ್ದಿರಲಿ. ನಿನ್ನ ಹೆಸರು ಬರೋ ಹಾಗೆ ನೋಡ್ಕೋ. ನಾನು ಇನ್ನೆಷ್ಟು ದಿನ ಕಾಯ್ಲಿ?” ಎಂದರು. ಅವಳು ಎದ್ದಳು. ಅಡುಗೆಮನೆಗೆ ಹೋಗಿ ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆದಳು.

ಮರುದಿನ ದೊಡ್ಡ ಸಂಪಾದಕರು ಅವಳನ್ನು ಕೋಣೆಗೆ ಕರೆದರು. ನಿವೃತ್ತಿಗೆ ಇನ್ನು ಐದೇ ತಿಂಗಳಿದ್ದ ಅವರು, ಆ ಐದು ತಿಂಗಳನ್ನು ಕೋಳಿಮೊಟ್ಟೆಯ ಬುಟ್ಟಿ ಹೊತ್ತವರಂತೆ ಜೋಪಾನವಾಗಿ ದಾಟಿಸುತ್ತಿದ್ದರು.

“ಒಂದು ಅಂಕಿ ಬದಲಾಯಿಸಮ್ಮ. ಯಾರು ಓದ್ತಾರೆ ಹೇಳು?”

“ಯಾರೂ ಓದಲ್ಲ ಅಂತಾನೇ ಸರ್ ಇಷ್ಟು ವರ್ಷ ಸರಿಯಾಗಿ ಬರೆದಿದ್ದು,” ಎಂದಳು ಅವಳು. ಸಂಪಾದಕರಿಗೆ ಅದು ಅರ್ಥವಾಗಲಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು.

ಅವಳು ತಿಂಗಳಿಡೀ ಆ ಚೀಟಿಯನ್ನು ಮುಂದಿಟ್ಟುಕೊಂಡು ಕೂತಳು. ಪೆನ್ನು ಎತ್ತುವುದು, ಇಳಿಸುವುದು. ನಿಜ ಹೇಳಬೇಕೆಂದರೆ ಸುಳ್ಳು ಬರೆಯುವುದಕ್ಕೆ ಅವಳಿಗೆ ಅಷ್ಟೇನೂ ಅಡ್ಡಿ ಇರಲಿಲ್ಲ. ಅಪ್ಪನ ಮುಖ ನೆನಪಾದರೆ ಒಂದು ಸುಳ್ಳೇನು, ಹತ್ತು ಬರೆಯಬಹುದು ಅನ್ನಿಸುತ್ತಿತ್ತು. ಅವಳಿಗೆ ಸಾಧ್ಯವಾಗದೆ ಇದ್ದದ್ದು ಒಂದೇ: ಒಂದು ಪದವನ್ನು ಮಾತ್ರ ಸಾಲು ತಪ್ಪಿಸಿ ಮುಂದೆ ಬಿಡುವುದು. ಪಕ್ಕದ ಚೀಟಿಯಲ್ಲಿ ‘ಬೆಂಚ್’ ಕೂತಿತ್ತು. ಅದರಲ್ಲಿ ಮೊದಲು ಕೂರುವ ಉದ್ದನೆಯ ಆಸನ, ಆಮೇಲೆ ನ್ಯಾಯಾಧೀಶರು. ಆ ಕಡೆ ‘ಬಾರ್’. ಮೊದಲು ಅಡ್ಡಪಟ್ಟಿ, ವಕೀಲರು ಎಲ್ಲೋ ಹಿಂದೆ. ಇವರೆಲ್ಲ ತೆಪ್ಪಗೆ ಸಾಲಿನಲ್ಲಿ ನಿಂತಿರುವಾಗ ಬೋರ್ಡೊಂದೇ ಮುಂದೆ ನುಗ್ಗಿದರೆ ಉಳಿದ ಪದಗಳ ಮುಖ ನೋಡುವುದು ಹೇಗೆ? ಇಂಥ ಸಂಕಟ ನಿಘಂಟು ಬರೆಯುವವರಿಗಲ್ಲದೆ ಬೇರೆ ಯಾರಿಗೂ ಬರುವುದಿಲ್ಲ, ಬಂದರೆ ಡಾಕ್ಟರಿಗೆ ತೋರಿಸಬೇಕು.

ಸಭೆಯ ಹಿಂದಿನ ದಿನ ಅವಳಿಗೆ ಉಪಾಯವೊಂದು ಹೊಳೆಯಿತು. ಎಷ್ಟು ಚೆನ್ನಾಗಿತ್ತೆಂದರೆ ದಾರಿಯಲ್ಲಿ ಒಬ್ಬಳೇ ನಕ್ಕಳು. ಒಂದು ಪದಕ್ಕೆ ವಿನಾಯಿತಿ ಕೇಳುವವರಿಗೆ ಇಡೀ ನಿಯಮವನ್ನೇ ಬದಲಾಯಿಸಿ ಎಂದು ಹೇಳುವುದು. ಅಷ್ಟು ಕೆಲಸ ಮಾಡಬೇಕೆಂದು ತಿಳಿದ ಕೂಡಲೇ ಹೌಹಾರಿ, ಹಲಗೆ ಇದ್ದಲ್ಲೇ ಇರಲಿ ಬಿಡಿ ಎಂದು ಮಂಡಳಿಯೇ ಕೈ ತೊಳೆದುಕೊಳ್ಳುತ್ತದೆ. ಇವಳು ವಿನಯವಾಗಿ ಒಪ್ಪಿಕೊಂಡಳು ಎಂದೂ ಆಗುತ್ತದೆ, ಸಾಲೂ ಉಳಿಯುತ್ತದೆ, ಫೈಲೂ ಪಾಸಾಗುತ್ತದೆ.

ಗುರುವಾರ ಅವಳು ಕೈಕಟ್ಟಿ ನಿಂತು ಹೇಳಿದಳು: “ಸರ್, ಮಂಡಳಿ ಹೇಳಿದ್ದು ಸರಿ. ಆದ್ರೆ ಒಂದು ಪದಕ್ಕೆ ಮಾತ್ರ ಮಾಡಿದ್ರೆ ನೋಡಿದೋರು ಆಡ್ಕೋತಾರೆ. ಅದಕ್ಕೆ ನಿಯಮಾನೇ ತಿದ್ದೋದು ಒಳ್ಳೇದು. ಇನ್ಮೇಲೆ ಎಲ್ಲ ಪದಕ್ಕೂ ಹೆಚ್ಚು ಗೌರವದ ಅರ್ಥ ಮೊದಲು, ಕಡಿಮೆ ಗೌರವದ್ದು ಆಮೇಲೆ. ಎ ಸಂಪುಟ ವಾಪಸ್ ತರಿಸಿ ಅದನ್ನೂ ಸರಿ ಮಾಡ್ಬೇಕಾಗತ್ತೆ. ಎರಡೂ ಸೇರಿ ಒಂಬತ್ತು ಸಾವಿರ ಪದ ಆಗತ್ತೆ. ಯಾವ ಅರ್ಥಕ್ಕೆ ಎಷ್ಟು ಗೌರವ ಅಂತ ತೀರ್ಮಾನ ಮಾಡೋ ಅಧಿಕಾರ ನನ್ನಂಥ ಹಂಗಾಮಿಯವಳಿಗಿಲ್ಲ. ಮಂಡಳಿಯೇ ಕೂತು, ಒಂದೊಂದೇ ಪದ ಚರ್ಚೆ ಮಾಡ್ಬೇಕು.”

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆದರಿದರು, ಎಂದುಕೊಂಡಳು ಅವಳು.

ಎಂಥ ಜಾಣೆಯಾದರೂ ಮನುಷ್ಯರ ವಿಷಯದಲ್ಲಿ ಮೋಸಹೋಗುತ್ತಾಳೆ. ಕೆಲಸವೆಂದರೆ ಮೈಲು ದೂರ ಓಡುವವರು ಸಭೆಯೆಂದರೆ ಓಡಿ ಬರುತ್ತಾರೆ ಎಂಬ ಸಂಗತಿ, ಏಳು ವರ್ಷ ಅದೇ ಮೂಲೆಯಲ್ಲಿ ನಿಂತಿದ್ದರೂ, ಅವಳ ತಲೆಗೆ ಹೊಳೆದಿರಲಿಲ್ಲ. ಒಂಬತ್ತು ಸಾವಿರ ಎಂಬುದು ಅವಳಿಗೆ ಚೀಟಿಗಳ ರಾಶಿಯಾಗಿ ಕಂಡಿತ್ತು. ಅವರಿಗೆ ಅದು ಸಭೆಗಳ ಸಾಲಾಗಿ ಕಂಡಿತು.

“ಗೌರವ!” ಎಂದರು ಅಧ್ಯಕ್ಷರು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವರಂತೆ. “ಎಂಥ ತತ್ವ ರೀ ಇದು! ನಾನು ಮೊದಲಿಂದಾನೂ ಇದನ್ನೇ ಹೇಳ್ತಾ ಇದ್ದೆ.”

ಸದಸ್ಯರಲ್ಲೊಬ್ಬರು ವಕೀಲರು. ಅವರು ತಕ್ಷಣ ಎದ್ದು, “ಹಾಗಾದ್ರೆ ‘ಬಾರ್’ ಅನ್ನೋದರಲ್ಲಿ ವಕೀಲರು ಮೊದಲು ಬರ್ಬೇಕು. ಕುಡಿಯೋ ಜಾಗ ಕೊನೇಲಿ,” ಎಂದರು. ಎರಡನ್ನೂ ಅಷ್ಟು ದೂರ ಇಡುವುದು ಕಷ್ಟ ಎಂದು ಯಾರೋ ಗೊಣಗಿದರು. ಮೂಲಪುರುಷರು, ಗೌರವದ ಅರ್ಥಗಳೆಲ್ಲ ನಮ್ಮ ಭಾಷೆಯಿಂದ ಹೋದವು, ಕೀಳು ಅರ್ಥಗಳು ಮಾತ್ರ ಅವರ ಸ್ವಂತದ್ದು ಎಂದು ಮುನ್ನುಡಿಯಲ್ಲಿ ಒಂದು ಮಾತು ಸೇರಿಸಬೇಕೆಂದು ಸೂಚಿಸಿದರು. ಐದು ನಿಮಿಷದಲ್ಲಿ ‘ಗೌರವ ನಿರ್ಣಯ ಉಪಸಮಿತಿ’ ಹುಟ್ಟಿತು. ಹನ್ನೊಂದು ಜನರೂ ತಾವಿರಲೇಬೇಕೆಂದು ಹಟ ಹಿಡಿದದ್ದರಿಂದ ಉಪಸಮಿತಿಯೂ ಮಂಡಳಿಯೂ ಒಂದೇ ಆಯಿತು. ತಿಂಗಳಿಗೊಂದು ಸಭೆ. ಪೂರ್ತಿ ಮುಗಿಯುವವರೆಗೆ ‘ಬಿ’ ಸಂಪುಟ ಅಚ್ಚಿಗೆ ಹೋಗಕೂಡದು.

“ಇಂಥ ದೊಡ್ಡ ಜವಾಬ್ದಾರಿಗೆ ಹಂಗಾಮಿ ನೌಕರರು ಸರಿಹೋಗಲ್ಲ,” ಎಂದು ಅಧ್ಯಕ್ಷರು ಅವಳ ಕಡೆ ತಿರುಗಿ ಮೊದಲ ಸಲ ನಕ್ಕರು. “ಒಂಬತ್ತನೇ ವಿಷಯ. ಇವರನ್ನ ಕಾಯಂ ಮಾಡೋಣ. ಬುದ್ಧಿವಂತರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಸಂಪಾದಕರ ಕಣ್ಣಲ್ಲಿ ನೀರಿತ್ತು. ತಮ್ಮ ಉಳಿದ ನಾಲ್ಕು ತಿಂಗಳು ಸುಸೂತ್ರವಾಗಿ ಕಳೆಯುವುದು ಖಚಿತವಾಯಿತೆಂಬ ಆನಂದ. ಚೀಟಿ ಮೇಡಂ ಇಂಗು ತಿಂದ ಮಂಗನಂತೆ ನಿಂತಿದ್ದಳು.

ಉಪಸಮಿತಿ ಮೊದಲ ಸಲ ಕೂತದ್ದು ಮುಂದಿನ ತಿಂಗಳು. ಚಿಕ್ಕ ಚಿಕ್ಕ ಪದಗಳಿಂದ ಶುರುಮಾಡಿದರೆ ಬೇಗ ಸಾಗುತ್ತದೆ ಎಂದು ಅಧ್ಯಕ್ಷರು ಹೇಳಿದರು. ಮೊದಲ ಮೂರು ಪದ ಅರ್ಧ ಗಂಟೆಯಲ್ಲಿ ಮುಗಿದವು. ನಾಲ್ಕನೆಯದು ‘ಆ್ಯಸ್’. ಅದಕ್ಕೆ ಎರಡು ಅರ್ಥ: ಕತ್ತೆ ಮತ್ತು ದಡ್ಡ.

“ಯಾವುದಕ್ಕೆ ಹೆಚ್ಚು ಗೌರವ?” ಎಂದು ಚೀಟಿ ಮೇಡಂ ಕೇಳಿದಳು. ಕೇಳುವುದು ಈಗ ಅವಳ ಕಾಯಂ ಕರ್ತವ್ಯವಾಗಿತ್ತು.

ದಡ್ಡನಾದರೂ ಮನುಷ್ಯ, ಆದ್ದರಿಂದ ದಡ್ಡನೇ ಮೊದಲು ಎಂದು ವಕೀಲರು ವಾದಿಸಿದರು. ಕತ್ತೆ ಭಾರ ಹೊರುತ್ತದೆ, ದಡ್ಡ ಏನು ಹೊರುತ್ತಾನೆ ಎಂದು ಇನ್ನೊಬ್ಬರು ಕೇಳಿದರು. ಮನುಷ್ಯನನ್ನು ಪ್ರಾಣಿಯ ಹಿಂದೆ ನಿಲ್ಲಿಸುವುದು ಮಾನವ ಕುಲಕ್ಕೇ ಅಪಚಾರ ಎಂದು ಒಬ್ಬರು ಮೇಜು ಕುಟ್ಟಿದರು. ಕತ್ತೆಗೆ ಅನ್ಯಾಯ ಮಾಡಿದರೆ ಅದು ಬಂದು ಕೇಳುವುದಿಲ್ಲ, ದಡ್ಡರ ಸಂಖ್ಯೆ ಜಾಸ್ತಿ, ಅವರು ಪತ್ರಿಕೆಗೆ ಬರೆಯುತ್ತಾರೆ ಎಂದು ಅಧ್ಯಕ್ಷರು ಎಚ್ಚರಿಸಿದರು. ಎರಡೂವರೆ ಗಂಟೆ ಚರ್ಚೆ ನಡೆಯಿತು. ಯಾರೂ ಒಂದು ಕ್ಷಣ ಕಣ್ಣು ಮುಚ್ಚಲಿಲ್ಲ. ಮತಕ್ಕೆ ಹಾಕಿದಾಗ ಕತ್ತೆಗೆ ಐದು, ದಡ್ಡನಿಗೆ ಆರು ಬಂದು ದಡ್ಡನೇ ಗೆದ್ದ. ಸೋತವರು ತಮ್ಮ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆಂದು ಪಟ್ಟು ಹಿಡಿದರು.

“ನಾಲ್ಕು ಪದ!” ಎಂದು ಏಳುವಾಗ ಅಧ್ಯಕ್ಷರು ಕೈ ಉಜ್ಜಿಕೊಂಡರು. “ಒಳ್ಳೇ ವೇಗ ಇದೆ. ಇದೇ ವೇಗದಲ್ಲಿ ಹೋಗೋಣ.”

ಎಲ್ಲರೂ ಹೋದ ಮೇಲೆ ಅವಳು ಚೀಟಿಯ ಬೆನ್ನ ಮೇಲೆ ಲೆಕ್ಕ ಮಾಡಿದಳು. ತಿಂಗಳಿಗೆ ನಾಲ್ಕು, ವರ್ಷಕ್ಕೆ ನಲವತ್ತೆಂಟು, ಒಟ್ಟು ಒಂಬತ್ತು ಸಾವಿರ. ನೂರ ಎಂಬತ್ತೇಳು ವರ್ಷ, ಆರು ತಿಂಗಳು. ತಪ್ಪಾಗಿರಬೇಕೆಂದು ಮತ್ತೊಮ್ಮೆ ಭಾಗಿಸಿದಳು. ತಪ್ಪಿರಲಿಲ್ಲ. ಅವಳ ಕೆಲಸ ಕಾಯಂ ಆಗಿತ್ತು; ಆ ಕೆಲಸಕ್ಕೆ ಇನ್ನು ಕೊನೆಯೇ ಇಲ್ಲದಂತೆ ಮಾಡಿದವಳೂ ತಾನೇ. ನಾಲ್ಕು ಜನರಿಗೆ ಮೋಸ ಮಾಡುವ ಬುದ್ಧಿ ಇಲ್ಲದವಳು ಹನ್ನೊಂದು ಜನರಿಗೆ ಮೋಸ ಮಾಡಲು ಹೋದರೆ ಹೀಗೇ ಆಗುವುದು ಎಂದು ತನ್ನನ್ನು ತಾನೇ ಬೈದುಕೊಂಡಳು. ಸಿಟ್ಟು ಬಂತು, ನಗು ಬಂತು, ಆಮೇಲೆ ಯಾರೂ ಇಲ್ಲದ ಆ ಕೋಣೆಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತಳು. ಬಾಗಿಲಲ್ಲಿ ಒಬ್ಬ ಫೋಟೋ ಹಿಡಿದು ನಿಂತು, ಕೇಳುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಕಾದು, ತಾನೇ ಕೆಳಗೆ ಇಳಿದುಹೋದ.

ಅವಳು ಮನೆ ಸೇರಿದಾಗ ಹಿತ್ತಲ ಜಗುಲಿಯ ಮೇಲೆ ಇನ್ನೂ ಸಂಜೆಯ ಬಿಸಿಲಿತ್ತು. ಕಾಯಂ ಆದೇಶದ ಕಾಗದ ಅಂದೇ ಕೈಗೆ ಬಂದಿತ್ತು. ಗಂಡ ಅದನ್ನು ಎರಡು ಸಲ ಓದಿ, “ಸೀಲು ಕೂಡ ನೆಟ್ಟಗೆ ಬಿದ್ದಿದೆ,” ಎಂದು ಸಿಹಿ ತರಲು ಅಂಗಿ ಹಾಕಿಕೊಂಡು ಹೊರಟ. ಮಗಳು ಬಂದು ಅಮ್ಮನ ಕತ್ತಿಗೆ ಜೋತುಬಿದ್ದಳು. ಅಪ್ಪ ಕಾಗದವನ್ನು ಬೆಳಕಿಗೆ ಹಿಡಿದು, ಮಗಳ ಹೆಸರಿದ್ದ ಜಾಗವನ್ನು ಹುಡುಕಿ, ಅದರ ಮೇಲೆ ಹೆಬ್ಬೆರಳು ಆಡಿಸಿದರು.

“ಹಾಗಾದ್ರೆ ಇನ್ನು ಪುಸ್ತಕದಲ್ಲೂ ಬರತ್ತೆ.”

“ಬರತ್ತಪ್ಪ. ಕಾಯಂ ಆದೋರದ್ದು ಬಂದೇ ಬರತ್ತೆ.”

“ಯಾವಾಗ ಬರತ್ತೆ ಪುಟ್ಟಿ?”

ಅವಳು ಅಪ್ಪನ ಮುಖ ನೋಡಿದಳು. ಹುಬ್ಬಿನ ಕೂದಲೂ ಬಿಳಿಯಾಗಿತ್ತು. 

“ಬರೋ ವರ್ಷ ಅಪ್ಪ. ಹೆಚ್ಚು ಅಂದ್ರೆ ಬರೋ ವರ್ಷ.”

“ಬರೋ ವರ್ಷ ತಾನೇ? ಹಾಗಿದ್ರೆ ಇದ್ದೇ ಇರ್ತೀನಿ ಬಿಡು,” ಎಂದು ಅಪ್ಪ ಮಂಡಿ ಹಿಡಿದುಕೊಂಡು ಎದ್ದರು. “ಅದನ್ನ ಹಾಗೇ ಎಲ್ಲೆಲ್ಲೋ ಇಡೋದಲ್ಲ. ಒಂದು ಪೆಟ್ಟಿಗೆ ಮಾಡ್ಬೇಕು, ಗಾಜಿನ ಬಾಗಿಲು ಇರೋದು. ಒಳ್ಳೇ ಮರ ಒಂದು ತುಂಡು ಇದೆ, ಈಗಲೇ ಶುರು ಮಾಡಿದ್ರೆ ನಿಧಾನವಾಗಿ ಮುಗಿಸ್ಬಹುದು. ಎಷ್ಟು ದಪ್ಪ ಇರತ್ತೆ ಪುಸ್ತಕ?”

“ಇಷ್ಟು,” ಎಂದು ಅವಳು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದಳು.

ಅಪ್ಪ ಜೇಬಿನಿಂದ ಟೇಪು ತೆಗೆದರು. ಕಿವಿಯ ಹಿಂದಿದ್ದ ಪೆನ್ಸಿಲನ್ನು ಕೈಗೆ ತೆಗೆದುಕೊಂಡರು. ಬಗ್ಗಿ, ಕಣ್ಣು ಕಿರಿದು ಮಾಡಿ, ಅವಳ ಒಂದು ಅಂಗೈಯಿಂದ ಇನ್ನೊಂದು ಅಂಗೈವರೆಗೆ ಟೇಪು ಎಳೆದು ಹಿಡಿದರು.

“ಕೈ ನಡುಗಿಸ್ಬೇಡ ಪುಟ್ಟಿ,” ಎಂದರು, “ಅಳತೆ ತಪ್ಪತ್ತೆ.”